ಗೋಡೆ ಹತ್ತಿದ ಜಮಖಾನ

ನಾನು ನವಲಗುಂದದ ಜಮಖಾನ. ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಖೈರುನ್ನಿಸಾ ಎಂಬ ತಾಯಿ ತನ್ನ ಮನೆಯ ಮಗ್ಗದಲ್ಲಿ ನನ್ನನ್ನು ನೇಯ್ದಳು. ನಡುವೆ ಪಗಡೆ ಹಾಸು, ನಾಲ್ಕು ಮೂಲೆಗೆ ನಾಲ್ಕು ನವಿಲು. ಒಂದೊಂದು ಎಳೆಯನ್ನೂ ಕುಟ್ಟಿ ಕುಟ್ಟಿ ಎಷ್ಟು ಗಟ್ಟಿ ಮಾಡಿದಳೆಂದರೆ, ಇಂದಿಗೂ ನನ್ನ ಒಂದು ನೂಲೂ ಸಡಿಲಾಗಿಲ್ಲ.

ನನ್ನನ್ನು ಕೊಂಡವರು ಧಾರವಾಡದ ಗುರುಪಾದಪ್ಪ ಸರ್. ಕಟ್ಟಡ ಕೂಲಿಕಾರರ ಮಕ್ಕಳಿಗೆ ಶಾಲೆ ನಡೆಸುವ ಸೇವಾಸಂಸ್ಥೆಯನ್ನು ಆಗಷ್ಟೇ ಕಟ್ಟಿದ್ದರು. ಅವರದೊಂದು ನೇಮವಿತ್ತು. ಆಫೀಸಿನಲ್ಲಿ ಖುರ್ಚಿ ಇರಬಾರದು. ಅಧ್ಯಕ್ಷರಿಂದ ಡ್ರೈವರ್‌ವರೆಗೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ನನ್ನ ಮೇಲೆಯೇ ಕೂರಬೇಕು. "ಒಬ್ರು ಮ್ಯಾಲ, ಒಬ್ರು ಕೆಳಗ ಅನ್ನೂದು ನಮ್ಮಲ್ಲಿ ಇಲ್ಲ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ಉಬ್ಬುತ್ತಿದ್ದೆ.

ಸಂಸ್ಥೆ ಬೆಳೆಯಿತು. ನೌಕರರ ಉಸಾಬರಿಯೆಲ್ಲ ಶಕುಂತಲಾ ಅಕ್ಕನ ಪಾಲಿಗೆ ಬಂತು. ಎಚ್.ಆರ್. ಎಂದರೆ ಅವರೊಬ್ಬರೇ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು, ಯಾರಿಗೆ ರಜೆ, ಯಾರಿಗೆ ತರಬೇತಿ, ಮಾತು ಬಿಟ್ಟ ಇಬ್ಬರು ಶಿಕ್ಷಕಿಯರನ್ನು ಒಂದು ಮಾಡುವುದು ಹೇಗೆ, ಎಲ್ಲವೂ ನನ್ನ ಮೇಲೆಯೇ ತೀರ್ಮಾನವಾಗುತ್ತಿತ್ತು. ಸಂದರ್ಶನಕ್ಕೆ ಬಂದವರು ಹೆದರಿದರೆ ಹೆಬ್ಬೆರಳಿನಿಂದ ನನ್ನ ನವಿಲಿನ ಕೊಕ್ಕನ್ನು ಕೆರೆಯುತ್ತಾರೆ, ನನಗೆ ಗೊತ್ತು. ಸರ್ ಏಳುವಾಗ ಅವರ ಮೊಣಕಾಲು ಲಟಲಟ ಎನ್ನುವುದೂ ಗೊತ್ತು. ಅವರು ಮಾತ್ರ ಬಾಯಿ ಬಿಟ್ಟವರಲ್ಲ. ನೇಮ ಮಾಡಿದವರೇ ನರಳಿದರೆ ಹೇಗೆ, ಹೇಳಿ?

ಅಕ್ಕನ ನಿವೃತ್ತಿ ಹತ್ತಿರ ಬಂದಾಗ ಅವರ ಜಾಗಕ್ಕೆ ಸಂದರ್ಶನ ಕರೆದರು. ದಾನಮ್ಮ ಬಡಿಗೇರ ಎಂಬ ಹೆಣ್ಣುಮಗಳು ಬಂದಳು. ಪೋಲಿಯೊ ಆದ ಕಾಲಿಗೆ ಕಬ್ಬಿಣದ ಪಟ್ಟಿ, ಪಟ್ಟಿಗೇ ಜೋಡಿಸಿದ ಬೂಟು. ಮೊದಲಿದ್ದ ಕಂಪನಿ ಮುಚ್ಚಿಹೋಗಿದೆ, ಮನೆ ನಡೆಯುವುದು ತನ್ನ ದುಡಿಮೆಯಿಂದಲೇ ಎಂದು ಬಾಗಿಲಲ್ಲಿ ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತ್ತು. ನನ್ನ ಅಂಚಿನವರೆಗೆ ಬಂದವಳು ಅಲ್ಲೇ ನಿಂತಳು.

"ಬೂಟು ಬಿಚ್ಚಿ ಬರ್ರಿ, ಕೂಡ್ರಿ," ಎಂದರು ಸರ್.

"ಬಿಚ್ಚಿದ್ರ ನಿಂದ್ರಾಕ ಬರೂದಿಲ್ರಿ. ಹಾಕ್ಕೊಂಡ್ರ ನೆಲದ ಮ್ಯಾಲ ಕೂಡ್ರಾಕ ಬರೂದಿಲ್ಲ."

"ಖುರ್ಚಿ ಇಟ್ಟಿಲ್ಲಮ್ಮಾ. ನಮ್ಮಲ್ಲಿ ಎಲ್ಲಾರೂ ಸಮಾನ."

"ಹಂಗಿದ್ರ ನಾ ಒಬ್ಬಾಕಿನ ಯಾಕ ನಿಂತೀನ್ರಿ ಸರ್?"

ಕೆಲಸ ಕೈತಪ್ಪಿತೆಂದೇ ಅವಳಿಗೆ ಅನ್ನಿಸಿರಬೇಕು, ಬೂಟಿನ ತುದಿಯನ್ನು ನನ್ನ ಕುಚ್ಚಿನಿಂದ ಹಿಂದಕ್ಕೆ ಎಳೆದುಕೊಂಡಳು. ಆಗ ಶಕುಂತಲಾ ಅಕ್ಕ ಎದ್ದು ಹೋಗಿ ಅವಳ ಪಕ್ಕ ನಿಂತರು. ಸಂದರ್ಶನಕ್ಕೆ ಕೂತಿದ್ದ ಉಳಿದವರೂ ಎದ್ದರು. ಕೊನೆಗೆ ಸರ್ ಎದ್ದರು, ಲಟಲಟ. ಇಡೀ ಸಂದರ್ಶನ ನಿಂತೇ ನಡೆಯಿತು. ನೌಕರರ ಜಗಳ, ರಜೆ, ಕೆಲಸ ಬಿಟ್ಟು ಹೋಗುವವರ ಕಾರಣ, ಏನು ಕೇಳಿದರೂ ದಾನಮ್ಮ ಅಳುಕದೆ ಉತ್ತರ ಕೊಟ್ಟಳು.

"ಕೆಲಸ ಕೊಟ್ರ ಮೊದಲ ಏನ್ ಮಾಡ್ತೀರಿ?" ಎಂದು ಸರ್ ಕೇಳಿದರು.

"ಈ ಜಮಖಾನ ಎತ್ತಸ್ತೀನ್ರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವರನ್ನೆಲ್ಲ ಹೊತ್ತದ್ದು ನಾನು. ಇವತ್ತು ಬಂದವಳು ನನ್ನನ್ನೇ ಎತ್ತಿಸುತ್ತಾಳಂತೆ! ಸರ್ ಮಾತ್ರ ಮೊಣಕಾಲು ನೀವಿಕೊಳ್ಳುತ್ತ ನಕ್ಕುಬಿಟ್ಟರು. "ಸೋಮವಾರದಿಂದ ಬರ್ರಿ," ಎಂದರು.

ಸೋಮವಾರ ನನ್ನನ್ನು ಸುತ್ತಿ ಮೂಲೆಗಿಟ್ಟರು, ಖುರ್ಚಿಗಳು ಬಂದವು. ಎಲ್ಲರಿಗಿಂತ ಮೊದಲು ಕೂತು ಉಸ್ಸೆಂದವರು ಯಾರು ಗೊತ್ತೇ? ನಮ್ಮ ಗುರುಪಾದಪ್ಪ ಸರ್! ಅವರ ಪಕ್ಕದಲ್ಲಿ ತುಂಬು ಬಸುರಿ ಶಿಕ್ಷಕಿಯೊಬ್ಬಳು ಬೆನ್ನು ಆನಿಸಿ ಕಣ್ಣು ಮುಚ್ಚಿದಳು. ಅವಳನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಇನ್ನು ಅಟ್ಟವೇ ಗತಿ, ಇಲಿಗಳಿಗೆ ಹಬ್ಬ ಎಂದುಕೊಂಡಿದ್ದೆ. ಆದರೆ ದಾನಮ್ಮ ನನ್ನ ಧೂಳು ಕೊಡವಿಸಿ, ತನ್ನ ಖುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿಸಿದಳು. ಇಷ್ಟು ದಿನ ಪಾದಗಳನ್ನೇ ಹೆಚ್ಚು ಕಂಡಿದ್ದೆ, ಈಗ ಕೆಲಸ ಸಿಕ್ಕವರ ಮುಖ ನೋಡುತ್ತೇನೆ. ನಾನು ಹಾಸಿದ್ದ ಜಾಗದ ಮೇಲೆಯೇ ದಾನಮ್ಮ ಬೂಟಿನ ಸದ್ದು ಮಾಡುತ್ತ ಓಡಾಡುತ್ತಾಳೆ. ಬಿಚ್ಚು ಎನ್ನುವವರು ಯಾರೂ ಇಲ್ಲ.

ಮೊನ್ನೆ ಬಂದ ಅತಿಥಿಯೊಬ್ಬರು, "ನೆಲಕ್ಕ ಹಾಸೂದನ್ನ ಗ್ವಾಡಿಗೆ ಯಾಕ ಹಾಕೀರಿ?" ಎಂದು ಕೇಳಿದರು.

ದಾನಮ್ಮ ತಿರುಗಿ ನನ್ನನ್ನೊಮ್ಮೆ ನೋಡಿದಳು.

"ನಮ್ಮಲ್ಲಿ ಎಲ್ಲಾರಿಗಿಂತ ಹಳೇ ನೌಕರ ಅದ್ರಿ ಅದು. ಬಡ್ತಿ ಕೊಟ್ಟೀವಿ."