ತೊರಗಲ್ ರಸ್ತೆಯ ಶಾಟ್

ದುರ್ಗಾಳ ಕೈಗೆ ಕ್ಯಾಮೆರಾ ಬಂದದ್ದು ಜಗಳವಾಡಿದ ಮೇಲೆ. ಬೈಲಹೊಂಗಲದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುವ ಅಂತಿಮ ವರ್ಷದವರು ಕಿರುಚಿತ್ರ ಮಾಡಬೇಕಿತ್ತು. ನಿರ್ದೇಶನ ಸಹಪಾಠಿ ಯುವರಾಜನದು, ಕಥೆಯೂ ಅವನದೇ. ಬೈಕ್ ಕಲಿಯಲು ಹೊರಟ ಹುಡುಗಿ ಬೀಳುತ್ತಾಳೆ, ಅಣ್ಣ ಓಡಿಬಂದು ಎತ್ತುತ್ತಾನೆ. ದುರ್ಗಾಳಿಗೆ ಮೇಕಪ್ಪಿನ ಕೆಲಸ ಹಚ್ಚಿದ್ದರು.

"ಮಾರಿಗೆ ಪೌಡರ್ ಬಳಿಯಾಕ ನಾ ಈ ಕೋರ್ಸ್ ತಗೊಂಡಿಲ್ಲ. ಕ್ಯಾಮೆರಾ ನಾ ಹಿಡೀತೇನಿ," ಎಂದು ಪಟ್ಟು ಹಿಡಿದಳು. ಗೊಣಗುತ್ತಲೇ ಯುವರಾಜ ಒಪ್ಪಿದ.

ಮೊದಲ ದಿನದ ಶೂಟಿಂಗ್ ತೊರಗಲ್ ಕೋಟೆಯ ಕೆಳಗಿನ ರಸ್ತೆಯಲ್ಲಿ. ನಾಯಕಿ ಮಂಜುಳಾ, ದುರ್ಗಾಳ ಗೆಳತಿ. ಬೈಕ್ ಓಡಿಸಲು ಬರುತ್ತದೆ ಎಂದು ಎಲ್ಲರ ಮುಂದೆ ಹೇಳಿಕೊಂಡಿದ್ದಳು. ಕ್ಲಚ್ ಬಿಟ್ಟರೆ ಗಾಡಿ ಕಪ್ಪೆಯಂತೆ ಜಿಗಿದು ಆಫಾಗುತ್ತಿತ್ತು. ಒಮ್ಮೆ ಹೇಗೋ ಹೊರಟಿತು. ಆಗ ದುರ್ಗಾಳ ಕ್ಯಾಮೆರಾ ಗುರಿ ತಪ್ಪಿತು. ತೆಗೆದದ್ದನ್ನು ಹಾಕಿ ನೋಡಿದರೆ ಬರೀ ಮುಗಿಲು, ಕಲ್ಲು, ಮಂಜುಳಾಳ ಅರ್ಧ ತಲೆ.

"ಭೂಕಂಪ ಆತೇನೋ ಅಂತಾರ ನೋಡಿದವರು," ಎಂದ ಯುವರಾಜ. "ಕ್ಯಾಮೆರಾ ನಮ್ಮ ಕ್ಲಾಸಿನ ಆಕಾಶಗ ಕೊಟ್ಟುಬಿಡೂಣು."

ದುರ್ಗಾ ಕ್ಯಾಮೆರಾ ಕೈಬಿಡಲಿಲ್ಲ. ಜೊತೆಗೆ ಬಂದಿದ್ದ, ಕ್ಯಾಮೆರಾ ಕಲಿಸುವ ಪರಪ್ಪ ಸರ್ ಅಡ್ಡ ಬಂದರು. "ಬರೂ ಐತವಾರದ ಮಟಾ ತಡಿಯಪಾ." ಆಮೇಲೆ ಅವಳ ಕಡೆ ತಿರುಗಿ, "ನೀ ಗಾಡಿ ಹಿಂದ ಓಡಾಕತ್ತೀ ಅವ್ವಾ. ಗಾಡಿ ಎಲ್ಲಿ ಹೋಗಿ ನಿಂದರತೈತಿ, ಆ ಕಡೆ ಪಾದ ಮಾಡಿ ನಿಂದರು. ಆಮ್ಯಾಲ ನಡಾ ತಿರುವಿ, ಗಾಡಿ ಹೊಂಡೂ ಜಾಗಾ ನೋಡು. ಗಾಡಿ ಬಂದಂಗ ಕೈ ಅಲ್ಲ, ತಿರುವಿದ ನಡಾ ಬಿಚ್ಚಿಕೋಬೇಕು," ಎಂದರು.

ಅಂದಿನಿಂದ ಕಾಲೇಜು ಬಿಟ್ಟ ಮೇಲೆ ದುರ್ಗಾ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಒಳಗೆ ತಿರುಗುವ ಧಾರವಾಡದ ಬಸ್ಸುಗಳನ್ನು ಕ್ಯಾಮೆರಾದಲ್ಲೇ ಹಿಂಬಾಲಿಸಿ ಹಿಂಬಾಲಿಸಿ ತೆಗೆದಳು.

"ಯಾವ ಚಾನೆಲ್ಲವ್ವಾ?" ಎಂದು ಕಂಡಕ್ಟರೊಬ್ಬ ಕೇಳಿದ.

"ಯಾವದೂ ಅಲ್ರಿ. ಕಲಿಯಾಕತ್ತೇನಿ."

ಮಂಜುಳಾ ಮಾರ್ಕೆಟ್ ಹಿಂದಿನ ಬಯಲಿನಲ್ಲಿ ತನ್ನ ಕಾಕಾನಿಂದ ಬೈಕ್ ಕಲಿಯುತ್ತಿದ್ದಳು. "ಕ್ಲಚ್ ಸಾವಕಾಶ ಬಿಡಬೇಕಂತ. ನಾ ಭಾಳ ಗಡಿಬಿಡಿ ಮಾಡತೇನಂತ," ಎಂದಳು ಒಂದು ಸಂಜೆ.

"ನಂದೂ ಅದ ರೋಗ ನೋಡು," ಎಂದಳು ದುರ್ಗಾ. ಇಬ್ಬರೂ ನಕ್ಕರು.

ಐತವಾರ ಮತ್ತೆ ತೊರಗಲ್ಲಿಗೆ ಹೋದರು. ರಸ್ತೆಯ ಪಕ್ಕದ ಬಿಳಿ ಕಲ್ಲಿನ ಹತ್ತಿರ ಮಂಜುಳಾ ಬೀಳಬೇಕು. ದುರ್ಗಾ ಪಾದಗಳನ್ನು ಕಲ್ಲಿನ ಕಡೆ ಮಾಡಿ, ನಡು ತಿರುವಿ, ಉಸಿರು ಹಿಡಿದಳು. ಗಾಡಿ ಮೆಲ್ಲಗೆ ಹೊರಟಿತು. ಕಲ್ಲು ಬಂತು, ಮಂಜುಳಾ ಬೀಳಲಿಲ್ಲ, ನಿಲ್ಲಲೂ ಇಲ್ಲ. ಮುಂದಕ್ಕೆ ಹೋಗೇಬಿಟ್ಟಳು.

"ಕಟ್," ಎಂದು ಯುವರಾಜ ಕೂಗಿದ್ದು ಕೇಳಿಸಿತು. ದುರ್ಗಾ ನಿಲ್ಲಿಸಲಿಲ್ಲ. ನಡುವನ್ನು ಇನ್ನಷ್ಟು ತಿರುವಿ ಅವಳನ್ನೇ ಹಿಂಬಾಲಿಸಿದಳು. ಕೋಟೆ ಗೋಡೆಯ ಕೆಳಗೆ ಮಂಜುಳಾ ಕಾಲೂರಿ ಕಾಲೂರಿ ಗಾಡಿ ತಿರುಗಿಸಿಕೊಂಡು, ಮುಖದ ತುಂಬ ನಗುತ್ತ, ಸೀದಾ ಕ್ಯಾಮೆರಾದತ್ತ ಬಂದಳು. ದುರ್ಗಾಳ ಬೆರಳು ಫೋಕಸ್ಸಿನ ಮೇಲೆ ಸಾವಕಾಶ ಸರಿಯಿತು. ಒಮ್ಮೆಯೂ ಚಿತ್ರ ಮಸುಕಾಗಲಿಲ್ಲ.

"ಬೀಳಾಕ ಮನಸ್ಸ ಆಗಲಿಲ್ಲಪಾ," ಎಂದಳು ಮಂಜುಳಾ ಗಾಡಿ ನಿಲ್ಲಿಸಿ.

ಅಣ್ಣನ ಪಾತ್ರಕ್ಕೆಂದು ಯುವರಾಜ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಸಿಟ್ಟಿನಿಂದಲೇ ಶಾಟ್ ನೋಡಿದ. ಇನ್ನೊಮ್ಮೆ ಹಾಕಿಸಿಕೊಂಡು ನೋಡಿದ. ಅಂಗಿಯ ತೋಳು ಮಡಚುತ್ತ, "ಅಣ್ಣ ಮನ್ಯಾಗ ಇರ್ಲಿ ಬಿಡು," ಎಂದ.

ಕಾಲೇಜಿನಲ್ಲಿ ಚಿತ್ರ ತೋರಿಸಿದ ದಿನ ದುರ್ಗಾಳ ಅವ್ವ ಕೃಷ್ಣವ್ವನೂ ಬಂದಿದ್ದಳು. ಮೊದಲರ್ಧ ಅಲ್ಲಲ್ಲಿ ನಡುಗುತ್ತಿತ್ತು. ಕೊನೆಯ ಶಾಟಿಗೆ ಹುಡುಗಿಯರು ಚಪ್ಪಾಳೆ ತಟ್ಟಿದರು. ಕೃಷ್ಣವ್ವ ಸುತ್ತ ನೋಡಿ ಮಗಳ ಕಿವಿಯ ಹತ್ತಿರ ಬಗ್ಗಿದಳು.

"ನೀ ಎಲ್ಲೂ ಕಾಣಲೇ ಇಲ್ಲಲ್ಲ?"

"ಕ್ಯಾಮೆರಾ ಹಿಡದು ತಗದಾಕಿ ನಾ, ಅವ್ವಾ. ನೀ ಏನೇನ್ ನೋಡಿದಿ, ಎಲ್ಲಾ ನಾ ನೋಡಿದ್ದ."

ಕೃಷ್ಣವ್ವ ಖಾಲಿ ಪರದೆಯತ್ತ ತಿರುಗಿದಳು. ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು.

"ನಿಮ್ ಸರ್‌ಗ ಕೇಳು, ಇನ್ನೊಮ್ಮಿ ಚಿತ್ರಾ ಹಚ್ಚತಾರೇನು."