ತಟ್ಟೆಯಗಲದ ಕಿಂಡಿ

"ಕೈ ತೆಗಿ," ಎಂದ ಲಾಕಿ. "ನಮ್ಮಪ್ಪನ ಪೆಟ್ಟಿಗೆ ಮುಟ್ಟಬೇಡ."

ಶವಪೆಟ್ಟಿಗೆ ಆಗಲೇ ಚರ್ಚಿನ ಮೆಟ್ಟಿಲಿಳಿಯುತ್ತಿತ್ತು. ತಲೆಭಾಗದ ಎಡ ಹಿಡಿಕೆ ಗಾರ್ತನ ಕೈಯಲ್ಲಿ, ಬಲ ಹಿಡಿಕೆ ಮುದುಕ ಹೇಮಿಯ ಕೈಯಲ್ಲಿ. ಮಾಂಸದ ಕಾರ್ಖಾನೆಯವರ ಕಟ್ಟಳೆ ಅದು. ಕೊಯ್ದ ಕುರಿಗಳು ನೇತಾಡುತ್ತ ಬರುವ ಸರಪಳಿಯ ಮುಂದೆ ಸತ್ತವನ ಅಕ್ಕಪಕ್ಕ ಚಾಕು ಹಿಡಿದು ನಿಂತವರೇ ಅವನನ್ನು ತಲೆಗಡೆಯಿಂದ ಹೊರಬೇಕು. ಮರ್ಡೋನ ಎಡಕ್ಕೆ ಇಪ್ಪತ್ತೆರಡು ವರ್ಷ ನಿಂತವನು ಗಾರ್ತ್. ಕಳೆದ ಮಂಗಳವಾರ ಬೆಳಗ್ಗೆ, ಸೈಕಲ್ ತುಳಿದು ಕೆಲಸಕ್ಕೆ ಹೊರಟಿದ್ದ ಮರ್ಡೋನನ್ನು ಹಿಂದಿನಿಂದ ಕಾರಿನಲ್ಲಿ ಗುದ್ದಿ ಕೊಂದವನೂ ಅವನೇ.

"ಕಟ್ಟಳೆ ಕಣೋ ಮಗಾ," ಎಂದ ಹೇಮಿ. "ಮಣ್ಣು ಮಾಡಿ ಬರೋಣ, ಆಮೇಲೆ ಬಡಿದಾಡ್ಕೊಳಿ."

"ಇವನ ಕಣ್ಣು ಎಲ್ಲಿತ್ತು ಕೇಳು ಹೇಮಿ ಮಾಮ. ಕಾರಿನ ಮುಂದಿನ ಗಾಜಿನ ತುಂಬ ಮಂಜು ಹೆಪ್ಪುಗಟ್ಟಿದೆ. ಈ ದೊಡ್ಡ ಮನುಷ್ಯ ಬರೀ ತಟ್ಟೆಯಗಲ ಕೆರ್ಕೊಂಡು ಹೊರಟ್ನಂತೆ!"

"ತಡ ಆಗಿತ್ತು," ಎಂದ ಗಾರ್ತ್. "ದಾರೀಲಿ ಕರಗತ್ತೆ ಅಂದ್ಕೊಂಡೆ. ಎಲ್ರೂ ಹಾಗೇ ತಾನೇ..."

ಮಾತು ಮುಗಿಯಲು ಲಾಕಿ ಬಿಡಲಿಲ್ಲ. ಗಾರ್ತನ ಮೂಗಿನ ಮೂಳೆ ಮುರಿದ ಸದ್ದು ಮೆಟ್ಟಿಲ ಕೆಳಗಿದ್ದವರಿಗೂ ಕೇಳಿಸಿತು. ಪೆಟ್ಟಿಗೆ ವಾಲಿತು. ಅದರ ಮೇಲಿಟ್ಟಿದ್ದ ಮರ್ಡೋನ ಉಕ್ಕಿನ ಕೋಲು, ಚಾಕು ಮಸೆಯುವಂಥದ್ದು, ಠಣ್ಣೆಂದು ಕಲ್ಲಿನ ಮೇಲೆ ಬಿತ್ತು. ಎರಡನೇ ಗುದ್ದಿಗೆ ತುಟಿ ಒಡೆಯಿತು. ಮೂರನೆಯದು ಕಣ್ಣಿಗೆ. ಗಾರ್ತ್ ಖಾಲಿ ಇದ್ದ ಕೈಯನ್ನೂ ಮುಖಕ್ಕೆ ಅಡ್ಡ ಹಿಡಿಯಲಿಲ್ಲ.

"ಹೊಡಿ," ಎಂದ ರಕ್ತ ಉಗುಳಿ. "ಎಷ್ಟು ಬೇಕಾದ್ರೂ ಹೊಡಿ. ಹಿಡಿಕೆ ಮಾತ್ರ ಬಿಡಲ್ಲ."

"ಲಾಕೀ!" ತಾಯಿ ಐಲ್ಸಾ ಕಿರುಚಿದಳು. "ನಿಮ್ಮಪ್ಪನ್ನ ಇನ್ನೊಂದು ಸಲ ಬೀಳಿಸ್ತೀಯೇನೋ?"

ಲಾಕಿಯ ಕೈ ಇಳಿಯಿತು. ಬಗ್ಗಿ ಉಕ್ಕಿನ ಕೋಲನ್ನು ಎತ್ತಿಕೊಂಡ.

*

ಮೂವತ್ತೆಂಟು ವರ್ಷ ಮರ್ಡೋ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋದ. ಕಾರಿಗೆ ಗತಿಯಿರಲಿಲ್ಲವೆಂದಲ್ಲ, ಬರೀ ಹಠ. ಇನ್ವರ್‌ಕಾರ್ಗಿಲ್ ಊರಿನ ಚಳಿಗೆ ಸ್ವೆಟರಿನೊಳಗೆ ಹಳೆಯ ಪೇಪರು ಮಡಚಿ ಎದೆಗಿಟ್ಟುಕೊಂಡು ಒಂಬತ್ತು ಕಿಲೋಮೀಟರ್. ತಲುಪುವ ಹೊತ್ತಿಗೆ ಮೀಸೆ ಮಂಜಿಗೆ ಬೆಳ್ಳಗಾಗಿರುತ್ತಿತ್ತು. "ಹಾಲು ಕುಡಿದು ಬಾಯಿ ಒರೆಸ್ಕೊಂಡಿಲ್ಲ ನೋಡ್ರೋ," ಎಂದು ಗಾರ್ತ್ ದಿನವೂ ಕಾಡಿಸುತ್ತಿದ್ದ.

ಚಳಿಯನ್ನು ಮರ್ಡೋ ಬಯ್ದವನಲ್ಲ. ಗಾಜು ಕೆರೆಯದೆ ಹೊರಟ ಕಾರುಗಳನ್ನು ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ. ಒಮ್ಮೆ ಒಬ್ಬನನ್ನು ಕೊರಳಪಟ್ಟಿ ಹಿಡಿದು ಕಿಟಕಿಯಿಂದಲೇ ಹೊರಗೆಳೆದಿದ್ದ.

ಲಾಕಿಗೆ ಹದಿನೆಂಟು ತುಂಬಿ ಮೊದಲ ಕಾರು ಬಂದ ಚಳಿಗಾಲದಲ್ಲಿ, ಗಾಜು ಕೆರೆಯದೆ ಹೊರಟ ಮಗನೆದುರು ಮರ್ಡೋ ಗೇಟಿಗೆ ಸೈಕಲ್ ಅಡ್ಡ ನಿಲ್ಲಿಸಿ ಕೇಳಿದ್ದ:

"ನಾನು ಕಾಣ್ತೀನಾ?"

"ಕಾಣ್ತೀಯಪ್ಪ. ದಾರಿ ಬಿಡು."

"ನನ್ನ ಕೈಯಲ್ಲೇನಿದೆ ಹೇಳು."

ಲಾಕಿಗೆ ಹೇಳಲಾಗಲಿಲ್ಲ. ಕೈಯಲ್ಲಿದ್ದುದು ಆ ಉಕ್ಕಿನ ಕೋಲು. ಮರ್ಡೋ ಅದರಿಂದಲೇ ಗಾಜಿಗೆ ಬಾರಿಸಿದ, ಒಂದಲ್ಲ, ನಾಲ್ಕು ಏಟು. ಮಗನ ಮಡಿಲ ತುಂಬ ಚೂರು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

"ಈಗ ಕಾಣತ್ತಲ್ಲ," ಎಂದು ಸೈಕಲ್ ಹತ್ತಿ ಕೆಲಸಕ್ಕೆ ಹೋಗಿಬಿಟ್ಟ. ಒಂದು ವರ್ಷ ಅಪ್ಪನ ಜೊತೆ ಲಾಕಿ ಮಾತೇ ಆಡಲಿಲ್ಲ.

*

ಪೆಟ್ಟಿಗೆಯನ್ನು ಶವದ ವಾಹನದವರೆಗೂ ಗಾರ್ತನೇ ಹೊತ್ತ. ಸರಪಳಿಯವರು ಹನ್ನೆರಡು ಜನ ಅಂದು ಮರ್ಡೋಗಾಗಿ ಸೈಕಲ್ಲಿನಲ್ಲೇ ಬಂದಿದ್ದರು. ವಾಹನದ ಹಿಂದೆ ಸಾಲಾಗಿ ನಿಂತು ಬಾಯಿಂದ ಹಬೆ ಬಿಡುತ್ತಿದ್ದರು. ಅವರಲ್ಲೊಬ್ಬನಾದ ಗಾರ್ತ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ತನ್ನ ಸೈಕಲ್ ಹಿಡಿದು ಕೊನೆಯಲ್ಲಿ, ರಸ್ತೆಯ ಎಡ ಅಂಚಿಗೆ ನಿಂತ. ಅವರ ಹಿಂದೆ ಮನೆಯವರ ಕಾರು.

ಕಾರು ಬೆಳಗ್ಗೆಯಿಂದ ಮರಗಳ ನೆರಳಿನಲ್ಲೇ ಇತ್ತು. ಐಲ್ಸಾ ಒಳಗೆ ಕುಳಿತಾಗಿತ್ತು. ಲಾಕಿ ಬಾಗಿಲು ಬಡಿದು ಹಾಕಿಕೊಂಡು ಕೀ ತಿರುಗಿಸಿದ. ಗೆಣ್ಣುಗಳಿಂದ ಇನ್ನೂ ರಕ್ತ ಜಿನುಗುತ್ತಿತ್ತು.

"ಮನೆಯಿಂದ ಇಲ್ಲಿಗೆ ಬರೋವಾಗ ನಂಗೆ ರಸ್ತೆನೇ ಕಾಣ್ಲಿಲ್ಲ ಕಣೋ," ಎಂದಳು ಐಲ್ಸಾ, ಮಂಜು ಕರಗದೆ ಬೆಳ್ಳಗಿದ್ದ ಎದುರಿನ ಗಾಜನ್ನೇ ನೋಡುತ್ತ. "ನಿಂಗಾದ್ರೂ ಕಾಣ್ತಿತ್ತಾ?"

ಲಾಕಿ ಮುಂದೆ ನೋಡಿದ. ಐದು ನಿಮಿಷದ ದಾರಿ ತಾನೇ ಎಂದು ಬೆಳಗ್ಗೆ ಅವನೇ ಕೆರೆದುಕೊಂಡಿದ್ದ ಕಿಂಡಿ, ಒಂದು ತಟ್ಟೆಯಗಲ. ಅದರಲ್ಲಿ ಶವದ ವಾಹನದ ಹಿಂಬಾಗಿಲು ಕಾಣುತ್ತಿತ್ತು. ಹನ್ನೆರಡು ಸೈಕಲ್ಲುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ.

ಲಾಕಿ ಎಂಜಿನ್ ನಿಲ್ಲಿಸಿ ಹೊರಗಿಳಿದ. ಅಪ್ಪನ ಉಕ್ಕಿನ ಕೋಲಿನಿಂದ ಗಾಜನ್ನು ಕೆರೆಯತೊಡಗಿದ. ಕೆರೆದ ಮಂಜಿನ ಪುಡಿ ಅವನ ಕೈಯ ರಕ್ತಕ್ಕೆ ಕೆಂಪಾಗಿ ಕೆಳಗೆ ಬೀಳುತ್ತಿತ್ತು. ಗಾಜು ತಿಳಿಯಾದಂತೆ ಒಳಗೆ ತಾಯಿಯ ಮುಖ ಕಂಡಿತು. ಅವಳು ಅವನನ್ನು ನೋಡುತ್ತಿರಲಿಲ್ಲ. ಅವನಾಚೆಗಿದ್ದ ಸೈಕಲ್ಲುಗಳನ್ನು ಬೆರಳು ಮಡಚಿ ಎಣಿಸುತ್ತಿದ್ದಳು. ಹನ್ನೊಂದಕ್ಕೆ ಬೆರಳು ನಿಂತಿತು.

ಲಾಕಿ ಕಾರನ್ನು ಸುತ್ತಿ ಅವಳ ಕಡೆಗೆ ಬಂದು, ಎಡಮೂಲೆಯಲ್ಲಿ ಗಾರ್ತನನ್ನು ಮರೆಮಾಡಿ ಉಳಿದಿದ್ದ ಮಂಜನ್ನು ಕೆರೆದ.