ಸವಾರನ ಎಡಗಡೆ

ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಮರಳಿ ಬಂದು ಎಳೆದು ನೋಡುತ್ತಿದ್ದ. ಅದಕ್ಕೇ ಆ ಮೆಕ್ಯಾನಿಕ್‌ಗೆ ಬೀದಿಯವರು ‘ಇನ್ನೊಂದ್ಸಲ’ ಎಂದು ಹೆಸರಿಟ್ಟಿದ್ದರು. ಅಂಥವನು ಹನ್ನೊಂದು ವರ್ಷದಿಂದ ಒಂದೇ ಒಂದು ವಸ್ತುವಿನ ಕಡೆ ತಿರುಗಿಯೂ ನೋಡಿರಲಿಲ್ಲ: ಅತ್ತಿಗೆಯ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿದ್ದ, ಅಣ್ಣನ ಹಳೇ ಜೋಡಿ ಸಿಲಿಂಡರಿನ ಬೈಕು.

ಎಂಜಿನ್ನಿಗೆ ಪೆಟ್ರೋಲು ಉಣಿಸುವ ಅದರ ಎರಡು ಕಾರ್ಬ್ಯುರೇಟರ್‌ಗಳನ್ನು ಕೊನೆಯ ಸಲ ತೊಳೆದು ಕೂಡಿಸಿದವನು ಅವನೇ. ಮಾರನೆಯ ದಿನ ಇಳಿಜಾರಿನಲ್ಲಿ ಬೈಕು ವೇಗ ತಗ್ಗದೆ ಹೋಗಿ ಗೋಡೆಗೆ ಬಡಿದು ಅಣ್ಣ ಸತ್ತಿದ್ದ. ಬ್ರೇಕು ಹಿಡಿದಿಲ್ಲ ಎಂದರು ಕೆಲವರು, ಹಣೆಬರಹ ಎಂದರು ಉಳಿದವರು. ಅವನು ಏನೂ ಅಂದಿರಲಿಲ್ಲ.

ಈಗ ಅತ್ತಿಗೆಯೇ ಹೇಳಿಕಳಿಸಿದ್ದಳು. ಬಾಗಿದ್ದ ಮುಂಭಾಗವನ್ನು ಬೇರೆ ಯಾರೋ ನೆಟ್ಟಗೆ ಮಾಡಿಕೊಟ್ಟಿದ್ದರು.

“ಮಗಳಿಗೆ ಲೈಸೆನ್ಸ್ ಬಂತು. ಅಪ್ಪನ ಗಾಡೀನೇ ಬೇಕಂತೆ, ನಾಳೇನೇ ಓಡಿಸ್ತಾಳಂತೆ. ಕಾರ್ಬ್ಯುರೇಟರ್ ಮಾತ್ರ ನೀನೇ ಮಾಡು.”

“ನಾನೇ ಯಾಕೆ ಅತ್ತಿಗೆ? ನನ್ನ ಕೈಲಿ ಒಂದು ಗಂಟೆ ಕೆಲಸ ಒಂದು ದಿನ ಹಿಡಿಯುತ್ತೆ.”

“ಹಿಡೀಲಿ ಬಿಡು. ಮದುವೆ ದಿನ ಹೆಂಡ್ತಿ ಮುಖಾನೂ ಇವಳೇನಾ ಅಂತ ಎರಡು ಸಲ ನೋಡಿದೋನು ನೀನು.”

ಅವಳು ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಯಂತ್ರದ ಸದ್ದು ಶುರುವಾಯಿತು.

ಅವನು ಕಾರ್ಬ್ಯುರೇಟರ್‌ಗಳನ್ನು ಬಿಚ್ಚಿದ. ಹಿಂದಿನ ಚಕ್ರದ ಹತ್ತಿರ ಸ್ಟೂಲು ಹಾಕಿ, ಎದುರಿಗೆ ಬಿಳಿ ಬಟ್ಟೆ ಹಾಸಿದ. ಅದು ಅಣ್ಣ ಕಲಿಸಿದ ಕ್ರಮ. ‘ಹಿಂದೆ ಕೂತ್ಕೋ. ಎಡ ಬಲ ಅಂದ್ರೆ ಸವಾರನ ಎಡ ಬಲ, ನಿಂದಲ್ಲ.’ ಆಕ್ಸಿಲರೇಟರ್ ತಿರುಗಿಸಿದಾಗ ಪ್ರತಿ ಕಾರ್ಬ್ಯುರೇಟರಿನೊಳಗೆ ಒಂದು ಸ್ಲೈಡು ಮೇಲೆದ್ದು ಗಾಡಿಯ ವೇಗ ಏರಿಸುತ್ತದೆ, ಬಿಟ್ಟಾಗ ಇಳಿದು ತಗ್ಗಿಸುತ್ತದೆ. ಹಳೇ ಗಾಡಿಯಲ್ಲಿ ಅದು ಸವೆದು ಸವೆದು ತನ್ನ ಗೂಡಿಗೆ ಮಾತ್ರ ಹೊಂದಿಕೊಂಡಿರುತ್ತದೆ. ಅದಲುಬದಲಾಗಬಾರದೆಂದು ಅಣ್ಣ ಎಡದ ಸ್ಲೈಡಿಗೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಕೊರೆದಿದ್ದ.

ಎಡದ ಮುಚ್ಚಳ ತೆಗೆದು ಸ್ಲೈಡು ಎಳೆದ. ಎರಡು ಚುಕ್ಕೆ.

ಇನ್ನೊಂದು ಸಲ ನೋಡಿದ. ಎರಡೇ.

ಹನ್ನೊಂದು ವರ್ಷದ ಹಿಂದೆ ಅವತ್ತು ಮೋಡ ಕವಿದಿತ್ತು. ಬೆಳಕಿಗಾಗಿ ಸ್ಟೂಲನ್ನು ಬಾಗಿಲ ಕಡೆಗೆ, ಮುಂದಿನ ಚಕ್ರದ ಎದುರಿಗೆ ಎಳೆದುಕೊಂಡು ಬೈಕಿಗೆ ಮುಖಮಾಡಿ ಕೂತಿದ್ದ. ಅವನ ಎಡ ಸವಾರನ ಬಲವಾಗಿತ್ತು. ತಣ್ಣಗಿದ್ದಾಗ ಸ್ಲೈಡು ಸಲೀಸಾಗಿ ಆಡಿತ್ತು. ಬಿಸಿಯೇರಿದಾಗ ತನ್ನದಲ್ಲದ ಗೂಡಿನಲ್ಲಿ ಮೇಲೆಯೇ ಕಚ್ಚಿಕೊಂಡಿರಬೇಕು.

ಸ್ಲೈಡು ಅದಲುಬದಲಾದದ್ದನ್ನು ನೋಡಿದವರು ಯಾರೂ ಇಲ್ಲ. ಸದ್ದಿಲ್ಲದೆ ಸರಿಮಾಡಿದರೆ ಹುಡುಗಿಗೂ ಅಪಾಯವಿಲ್ಲ, ಹಳೆಯ ತಪ್ಪೂ ಮುಚ್ಚಿಹೋಗುತ್ತದೆ. ಸ್ಲೈಡುಗಳನ್ನು ಒರೆಸಿ ಒಂದು ಚುಕ್ಕೆಯದನ್ನು ಎಡಕ್ಕೆ, ಎರಡು ಚುಕ್ಕೆಯದನ್ನು ಬಲಕ್ಕೆ ಇಟ್ಟು ನಲ್ಲಿಯಲ್ಲಿ ಕೈ ತೊಳೆದು ಬಂದ.

ಬಟ್ಟೆಯ ಮೇಲೆ ಸವಾರನ ಎಡಕ್ಕೆ ಎರಡು ಚುಕ್ಕೆ ಇತ್ತು. ಸ್ಟೂಲು ಮುಂದಿನ ಚಕ್ರದ ಎದುರಿಗಿತ್ತು.

ಒಳಗೆ ಹೊಲಿಗೆ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಗುಡಿಸಿದ ಮಣ್ಣು ನೆಲದ ಮೇಲೆ ಅವನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ, ಸ್ಟೂಲು ಎಳೆದ ಗೆರೆಯೂ ಇಲ್ಲ. ತಾನೇ ಮರೆತೆನೇನೋ ಅಂದುಕೊಂಡ. ತನ್ನ ತಲೆಯನ್ನು ನಂಬುವ ಅಭ್ಯಾಸ ಅವನಿಗೆ ಮೊದಲಿಂದಲೂ ಇಲ್ಲ. ಎಲ್ಲವನ್ನೂ ಮತ್ತೆ ಸರಿಯಾಗಿಟ್ಟು, ಸ್ಟೂಲನ್ನು ಹಿಂದಕ್ಕೆ ತಂದು, ಈ ಸಲ ಅಲ್ಲೇ ನಿಂತ. ಪೆಟ್ರೋಲು ಹಾಯುವ ಜೆಟ್ಟಿನ ಸಣ್ಣ ತೂತನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಅಷ್ಟೇ. ಕೈ ಇಳಿಸುವಷ್ಟರಲ್ಲಿ ಚುಕ್ಕೆಗಳು ಜಾಗ ಬದಲಿಸಿದ್ದವು. ಸ್ಟೂಲು ಮುಂದೆ ಹೋಗಿತ್ತು. ಮುಟ್ಟಿದರೆ ಹಲಗೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಜಾಗ ಬಿಟ್ಟುಕೊಟ್ಟ ಹಾಗೆ.

ನಾಳೆ ಈ ಬೈಕಿನ ಮೇಲೆ ಹುಡುಗಿ ಕೂರಬೇಕು.

ಅವನು ಸ್ಟೂಲು ಎಲ್ಲಿತ್ತೋ ಅಲ್ಲೇ ಕೂತ, ಅವತ್ತು ಕೂತಂತೆ.

“ಅತ್ತಿಗೆ,” ಎಂದು ಕರೆದ.

ಯಂತ್ರ ನಿಂತಿತು. ಅವಳು ಬಂದು ಬಾಗಿಲಲ್ಲಿ ನಿಂತಳು. ಅವನು ತಲೆ ಎತ್ತದೆ ಹೇಳಿದ, “ಅವತ್ತು ಇಲ್ಲಿ ಕೂತು ಜೋಡಿಸ್ದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಬಿಟ್ಟೆ. ಬ್ರೇಕೂ ಅಲ್ಲ, ಹಣೆಬರಹಾನೂ ಅಲ್ಲ. ನನ್ನ ಕೈ.”

ಅವಳು ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ನಿಧಾನಕ್ಕೆ ಬಿಡಿಸಿದಳು.

“ನೀನು ಅಂತ ಗೊತ್ತಿತ್ತು. ಏನು ಅಂತ ಗೊತ್ತಿರಲಿಲ್ಲ.”

“ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಹನ್ನೊಂದು ವರ್ಷದಿಂದ ಕಸ ಗುಡಿಸಿ ಈ ಸ್ಟೂಲು ಹಿಂದಕ್ಕಿಡ್ತೀನಿ. ಬೆಳಿಗ್ಗೆ ಬಂದ್ರೆ ಇಲ್ಲೇ ಇರುತ್ತೆ. ಅವತ್ತು ಇಲ್ಲಿ ಕೂತಿದ್ದೋನು ನೀನೊಬ್ಬನೇ.”

ಅವನು ಎದ್ದು ನಿಂತ.

“ಕ್ಷಮಿಸಿದೆ ಅಂತ ನಾನು ಹೇಳಲ್ಲ,” ಎಂದಳು ಅತ್ತಿಗೆ. “ಸ್ಟೂಲು ತಗೊಂಡು ಹಿಂದೆ ಹೋಗು. ಸರಿಯಾಗಿ ಕೂಡಿಸು. ಎರಡಲ್ಲ, ನೂರು ಸಲ ನೋಡು.”

ಅವನು ಹಿಂದೆ ಹೋಗಿ ಕೂತ. ಅವಳು ಸೆರಗು ಎತ್ತಿ ಸಿಕ್ಕಿಸಿಕೊಂಡು, ಮುಂದಿನ ಚಕ್ರದ ಎದುರಿಗೆ, ಸ್ಟೂಲಿದ್ದ ಜಾಗದಲ್ಲೇ ನೆಲದ ಮೇಲೆ ಕೂತಳು.

“ನೀನು ಮುಗಿಸೋವರೆಗೂ ನಾನು ಇಲ್ಲಿರ್ತೀನಿ,” ಎಂದಳು. ಅವನಿಗೆ ಹೇಳಿದಳೋ, ಬೈಕಿಗೆ ಹೇಳಿದಳೋ ತಿಳಿಯಲಿಲ್ಲ.

ಅವನು ಬಟ್ಟೆಯ ಕಡೆ ನೋಡಿದ. ಸವಾರನ ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಅವನಿನ್ನೂ ಅದನ್ನು ಮುಟ್ಟಿರಲಿಲ್ಲ.